ಭವಿಷ್ಯ ನಿಧಿ: ವೇತನದಲ್ಲಿನ ಕಡಿತ ಮತ್ತು ಖಾತೆಯಲ್ಲಿನ ಜಮೆ

ಖಾಸಗಿ ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಶಾಲೆ ಹಾಗೂ ಕಚೇರಿಗಳಲ್ಲಿ ದುಡಿಯುವ ನೌಕರರ ನಿವೃತ್ತಿ ಜೀವನಕ್ಕೆ ಆಧಾರವಾಗಲೆಂದು 1952ರಲ್ಲಿ ಕಾರ್ಮಿಕರ ಭವಿಷ್ಯ ನಿಧಿ ಕಾಯ್ದೆಯನ್ನು ರಚಿಸಲಾಯಿತು. ಮುಂದೆ 1976ರಲ್ಲಿ ಠೇವಣಿ ಆಧಾರಿತ ವಿಮಾ ಯೋಜನೆಯೂ 1995ರಲ್ಲಿ ಪಿಂಚಣಿ ಯೋಜನೆಯೂ ಇದೇ ಕಾಯ್ದೆಯಡಿ ಜಾರಿಗೆ ಬಂದವು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೊಂಡು, ಒಂಬತ್ತು ಹಳೆಯ ಕಾಯ್ದೆಗಳ ವಿಷಯವು ಈ ಒಂದೇ ಸಂಹಿತೆಯಲ್ಲಿ ಅಡಕವಾಯಿತು. ಈ ಬದಲಾವಣೆಯ ಸಂದರ್ಭದಲ್ಲಿ, ಭವಿಷ್ಯ ನಿಧಿಯ ನಿರ್ವಹಣೆಯಲ್ಲಿ ಮಾಲೀಕರ ಹೊಣೆ ಯಾವುದು, ಅದು ಪಾಲನೆಯಾಗದಿದ್ದಲ್ಲಿ ನೌಕರರಿಗೆ ಆಗುವ ಬಾಧಕವೇನು ಎಂಬುದನ್ನು ಅರ್ಜಿದಾರರ ಮಾಹಿತಿಗಾಗಿ ಇಲ್ಲಿ ವಿಶ್ಲೇಷಿಸಲಾಗಿದೆ.

ಕಳೆದ ಒಂದು ದಶಕದಲ್ಲಿ ನಡೆದ ಸುಧಾರಣೆಗಳ ದಿಕ್ಕು ಒಂದೇ ಆಗಿದೆ. ಹಣ ಹಿಂಪಡೆಯುವ ವೇಳೆ ನೌಕರರು ಹಳೆಯ ಮಾಲೀಕರ ಸಹಿಗಾಗಿ ಅಲೆಯಬೇಕಾದ ಸ್ಥಿತಿಯನ್ನು ತಪ್ಪಿಸುವುದೇ ಆ ದಿಕ್ಕು. 2014ರ ಅಕ್ಟೋಬರ್‌ನಲ್ಲಿ ಸಾರ್ವತ್ರಿಕ ಖಾತೆ ಸಂಖ್ಯೆ, ಅಂದರೆ ಯು.ಎ.ಎನ್., ಜಾರಿಗೆ ಬಂತು. 2017ರ ಫೆಬ್ರವರಿಯಲ್ಲಿ ಆಧಾರ್ ಜೋಡಣೆಯಾದ ಸದಸ್ಯರು ಮಾಲೀಕರ ದೃಢೀಕರಣವಿಲ್ಲದೆ ಕ್ಲೇಮು ಸಲ್ಲಿಸಬಹುದಾದ ನಮೂನೆ ಬಂತು. 2020ರ ಜನವರಿಯಿಂದ ಕೆಲಸ ಬಿಟ್ಟ ದಿನಾಂಕವನ್ನು, ಕೊನೆಯ ವಂತಿಗೆಯ ತಿಂಗಳಿನಿಂದ ಎರಡು ತಿಂಗಳು ಕಳೆದ ಬಳಿಕ, ಸದಸ್ಯರೇ ನಮೂದಿಸಲು ಅವಕಾಶವಾಯಿತು. 2025ರ ಜನವರಿಯಲ್ಲಿ, 2017ರ ಅಕ್ಟೋಬರ್ 1ರ ನಂತರ ಪಡೆದ ಹಾಗೂ ಆಧಾರ್ ಮೂಲಕ ದೃಢೀಕೃತವಾದ ಯು.ಎ.ಎನ್. ಹೊಂದಿರುವವರು ಹೆಸರು, ಜನ್ಮ ದಿನಾಂಕ, ತಂದೆ ತಾಯಿಯ ಹೆಸರು ಮುಂತಾದ ವಿವರಗಳನ್ನು ತಾವೇ ತಿದ್ದಿಕೊಳ್ಳುವಂತಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬ್ಯಾಂಕ್ ಖಾತೆಯ ಜೋಡಣೆಗೆ ಮಾಲೀಕರ ಅನುಮೋದನೆಯನ್ನೂ, ಕ್ಲೇಮಿನೊಂದಿಗೆ ಚೆಕ್ ಹಾಳೆಯ ಪ್ರತಿ ಲಗತ್ತಿಸುವ ನಿಯಮವನ್ನೂ ಕೈಬಿಡಲಾಯಿತು. ಜೂನ್‌ನಲ್ಲಿ ಮುಂಗಡಗಳ ಸ್ವಯಂಚಾಲಿತ ಇತ್ಯರ್ಥದ ಮಿತಿಯನ್ನು 1 ಲಕ್ಷದಿಂದ 5 ಲಕ್ಷ ರೂ.ಗಳಿಗೆ ಏರಿಸಲಾಯಿತು.

ಇವೆಲ್ಲವೂ ಖಾತೆಯಿಂದ ಹಣ ಹೊರಬರುವ ಹಂತದ ಸುಧಾರಣೆಗಳೆಂಬುದನ್ನು ಗಮನಿಸಬೇಕು. ಹಣ ಖಾತೆಗೆ ಒಳಬರುವ ಹಂತದಲ್ಲಿ ಸ್ಥಿತಿ ಬೇರೆಯಾಗಿದೆ. ಅಲ್ಲಿ ಇಂದಿಗೂ ಮಾಲೀಕರು ಪ್ರತಿ ತಿಂಗಳು ಸಲ್ಲಿಸುವ ವಿವರ ಪಟ್ಟಿಯೇ ನೌಕರರ ಸೇವೆಗೂ ವೇತನಕ್ಕೂ ವಂತಿಗೆಗೂ ಇರುವ ಮೂಲ ದಾಖಲೆ. ಆ ಪಟ್ಟಿಯಲ್ಲಿ ಬಾರದ ತಿಂಗಳು ನಿಧಿಯ ದೃಷ್ಟಿಯಲ್ಲಿ ದುಡಿಯದ ತಿಂಗಳೇ ಸರಿ. ಅರ್ಜಿ ಸಲ್ಲಿಸುವ ದಿನ ಎದುರಾಗುವ ಅನೇಕ ತೊಡಕುಗಳ ಮೂಲವು ಹಲವು ವರ್ಷಗಳ ಹಿಂದಿನ ಯಾವುದೋ ಒಂದು ತಿಂಗಳ ಪಟ್ಟಿಯಲ್ಲಿರುತ್ತದೆ.

ಮಾಸಿಕ ವಂತಿಗೆಯ ಲೆಕ್ಕ

ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಭವಿಷ್ಯ ನಿಧಿಯ ನಿಯಮಗಳು ಅನ್ವಯಿಸುತ್ತವೆ. 1952ರ ಕಾಯ್ದೆಯಲ್ಲಿ ಅನುಸೂಚಿಯಲ್ಲಿ ಹೆಸರಿಸಿದ ಕೈಗಾರಿಕೆಗಳು ಮತ್ತು ಅಧಿಸೂಚಿತ ವರ್ಗದ ಸಂಸ್ಥೆಗಳೆಂಬ ಕಟ್ಟಳೆಯಿತ್ತು. ಸಂಹಿತೆಯಲ್ಲಿ ಅದಿಲ್ಲ. ಆದುದರಿಂದ ತಮ್ಮ ವ್ಯವಹಾರ ಅನುಸೂಚಿಯಲ್ಲಿಲ್ಲವೆಂದು ಹೇಳಿ ಹೊಣೆಯಿಂದ ಹೊರಗುಳಿಯಲು ಸಂಸ್ಥೆಗಳಿಗೆ ಈಗ ಆಸ್ಪದವಿಲ್ಲ.

ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಮಾಸಿಕ 15,000 ರೂ. ಪಡೆಯುವ ನೌಕರರೊಬ್ಬರನ್ನು ಉದಾಹರಣೆಯಾಗಿ ಪರಿಗಣಿಸಬಹುದು. ಇವರ ವೇತನದಿಂದ ಶೇ. 12ರಂತೆ 1,800 ರೂ. ಕಡಿತವಾಗುತ್ತದೆ. ಮಾಲೀಕರು ಅಷ್ಟೇ ಮೊತ್ತವನ್ನು ತಮ್ಮ ಕಡೆಯಿಂದ ಸೇರಿಸಬೇಕು. ಮಾಲೀಕರ ಈ 1,800 ರೂ.ಗಳಲ್ಲಿ ವೇತನದ ಶೇ. 8.33ರಷ್ಟು, ಅಂದರೆ 1,250 ರೂ., ಪಿಂಚಣಿ ನಿಧಿಗೆ ಹೋಗಿ, ಉಳಿದ 550 ರೂ. ಭವಿಷ್ಯ ನಿಧಿಗೆ ಸೇರುತ್ತದೆ. ಪಾಸ್‌ಬುಕ್‌ನಲ್ಲಿ ಈ ಮೂರು ಮೊತ್ತಗಳು ಮೂರು ಪ್ರತ್ಯೇಕ ಅಂಕಣಗಳಲ್ಲಿ ಕಾಣಿಸುತ್ತವೆ. ಮಾಲೀಕರು ತಮ್ಮ ಪಾಲನ್ನು ಕಡಿಮೆ ಕಟ್ಟಿದ್ದಾರೆಂದು ದೂರುವವರು ಹಲವು ಬಾರಿ ಮೂರನೆಯ ಅಂಕಣವನ್ನು ಗಮನಿಸಿರುವುದಿಲ್ಲ. ಇದಲ್ಲದೆ ವಿಮಾ ಯೋಜನೆಗೆ ಶೇ. 0.5 ಮತ್ತು ಆಡಳಿತ ಶುಲ್ಕವಾಗಿ ಶೇ. 0.5 ಮೊತ್ತವನ್ನು ಮಾಲೀಕರೇ ಭರಿಸತಕ್ಕದ್ದು.

ಮಾಲೀಕರ ಪಾಲನ್ನು ನೌಕರರ ವೇತನದಿಂದ ವಸೂಲು ಮಾಡುವುದನ್ನು ನಿಯಮಗಳು ಸ್ಪಷ್ಟವಾಗಿ ನಿಷೇಧಿಸುತ್ತವೆ. ಇದಕ್ಕೆ ವಿರುದ್ಧವಾದ ಕರಾರಿಗೆ ನೌಕರರು ಸಹಿ ಹಾಕಿದ್ದರೂ ಅದು ಊರ್ಜಿತವಾಗುವುದಿಲ್ಲ. ಸಂಸ್ಥೆಗೆ ತಗಲುವ ಒಟ್ಟು ವೆಚ್ಚದ ಲೆಕ್ಕವೆಂದು ನೇಮಕಾತಿ ಪತ್ರದಲ್ಲಿ ಎರಡೂ ಪಾಲುಗಳನ್ನು ತೋರಿಸುವ ಪದ್ಧತಿ ಇಂದು ಸಾಮಾನ್ಯವಾಗಿದೆ. ಆದರೆ ನಿಧಿಯ ಹೊಣೆ ಬಂತೆಂಬ ಏಕೈಕ ಕಾರಣದಿಂದ ಈಗಾಗಲೇ ಕೊಡುತ್ತಿರುವ ವೇತನವನ್ನು ತಗ್ಗಿಸುವಂತಿಲ್ಲ.

ಒಂದು ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು. ಹಿಂದೆ ಇದ್ದ ಐದು ದಿನಗಳ ರಿಯಾಯಿತಿಯನ್ನು 2016ರ ಫೆಬ್ರವರಿಯಿಂದ ರದ್ದುಪಡಿಸಲಾಗಿದೆ. 2012ರಿಂದ ಜಾರಿಯಲ್ಲಿರುವ ಇ.ಸಿ.ಆರ್. ಎಂಬ ವಿದ್ಯುನ್ಮಾನ ಚಲನ್ ಪದ್ಧತಿಯಲ್ಲಿ ಪ್ರತಿಯೊಬ್ಬ ನೌಕರರ ಯು.ಎ.ಎನ್., ವೇತನ, ವಂತಿಗೆ ಹಾಗೂ ವೇತನವಿಲ್ಲದ ದಿನಗಳ ವಿವರವನ್ನು ಮಾಲೀಕರು ಸಾಲುಸಾಲಾಗಿ ತುಂಬಿ, ಆ ಬಳಿಕ ಹಣ ಪಾವತಿಸುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ವಿಭಾಗವಿರುತ್ತದೆ. ಇಪ್ಪತ್ತೈದು ಮೂವತ್ತು ಮಂದಿಯ ಸಣ್ಣ ಘಟಕಗಳಲ್ಲಿ ಹೊರಗಿನ ಲೆಕ್ಕಪತ್ರ ಸಲಹೆಗಾರರೊಬ್ಬರು ಹತ್ತಾರು ಸಂಸ್ಥೆಗಳ ಪಟ್ಟಿಗಳನ್ನು ಒಟ್ಟಿಗೆ ತಯಾರಿಸುವುದುಂಟು. ತಪ್ಪುಗಳು ಬಹುಪಾಲು ನುಸುಳುವುದು ದುರುದ್ದೇಶದಿಂದಲ್ಲ, ಕಳೆದ ತಿಂಗಳ ಪಟ್ಟಿಯನ್ನೇ ನಕಲು ಮಾಡಿ ಈ ತಿಂಗಳು ಕಳುಹಿಸುವ ಅವಸರದಿಂದ.

ಕಾಲಾನಂತರ ಗೋಚರಿಸುವ ತಪ್ಪುಗಳು

ಈ ತಪ್ಪುಗಳ ಸ್ವರೂಪವನ್ನು ಅರ್ಜಿದಾರರು ತಿಳಿದಿರುವುದು ಅಗತ್ಯ. ಏಕೆಂದರೆ ಹಣ ಪೂರ್ತಿ ಜಮೆಯಾಗಿದ್ದರೂ ಇವುಗಳಿಂದ ಕ್ಲೇಮು ತಿರಸ್ಕೃತವಾಗಬಹುದು.

ಮೊದಲನೆಯದು ದಿನಾಂಕಗಳ ತಪ್ಪು. ನೌಕರರು ಮಾರ್ಚ್ ಕೊನೆಯಲ್ಲಿ ಒಂದು ಸಂಸ್ಥೆಯನ್ನು ತೊರೆದು ಏಪ್ರಿಲ್ ಮೊದಲ ದಿನ ಮತ್ತೊಂದನ್ನು ಸೇರಿದ್ದರೆ, ಹಳೆಯ ಸಂಸ್ಥೆ ನಿರ್ಗಮನದ ದಿನಾಂಕವನ್ನು ಏಪ್ರಿಲ್ ಮಧ್ಯಭಾಗವೆಂದು ನಮೂದಿಸಿದಲ್ಲಿ ಎರಡು ಸೇವೆಗಳು ಒಂದರ ಮೇಲೊಂದು ಬೀಳುತ್ತವೆ. ಹಳೆಯ ಖಾತೆಯ ಹಣವನ್ನು ಹೊಸ ಖಾತೆಗೆ ವರ್ಗಾಯಿಸುವಾಗ 2025ರವರೆಗೆ ಇದು ತಡೆಯಾಗಿ ನಿಲ್ಲುತ್ತಿತ್ತು. ನಿರ್ಗಮನದ ದಿನಾಂಕವನ್ನೇ ನಮೂದಿಸದಿದ್ದಲ್ಲಿ ಅಂತಿಮ ಇತ್ಯರ್ಥದ ಅರ್ಜಿ ಮುಂದೆ ಸಾಗುವುದಿಲ್ಲ.

ಎರಡನೆಯದು ಪಿಂಚಣಿ ಸದಸ್ಯತ್ವದ ತಪ್ಪು. ಇದು ಹೆಚ್ಚು ಗಂಭೀರವಾದುದು, ಹಾಗೂ ಕಣ್ಣಿಗೆ ಬೀಳದಂಥದು. 2014ರ ಸೆಪ್ಟೆಂಬರ್ 1ರಿಂದ ವೇತನ ಮಿತಿಯನ್ನು 6,500 ರೂ.ಗಳಿಂದ 15,000 ರೂ.ಗಳಿಗೆ ಏರಿಸಿದಾಗ, ಆ ದಿನದ ನಂತರ ಮೊದಲ ಬಾರಿಗೆ ನಿಧಿಗೆ ಸೇರಿದ ಹಾಗೂ 15,000 ರೂ.ಗಳಿಗಿಂತ ಹೆಚ್ಚು ವೇತನವಿದ್ದ ನೌಕರರು ಪಿಂಚಣಿ ಯೋಜನೆಯ ಸದಸ್ಯರಾಗುವುದಿಲ್ಲವೆಂದು ನಿಗದಿಪಡಿಸಲಾಯಿತು. ಅಂಥವರ ವಿಷಯದಲ್ಲಿ ಮಾಲೀಕರ ಇಡೀ ಶೇ. 12 ಭವಿಷ್ಯ ನಿಧಿಗೇ ಹೋಗಬೇಕು. ಆದರೆ ಹಳೆಯ ರೂಢಿಯಂತೆ ತಿಂಗಳಿಗೆ 1,250 ರೂ. ಪಿಂಚಣಿಯ ಅಂಕಣಕ್ಕೆ ಹಾಕುತ್ತ ಬಂದ ಸಂಸ್ಥೆಗಳುಂಟು. ಕೆಲಸ ಬಿಟ್ಟು ಕ್ಲೇಮು ಸಲ್ಲಿಸಿದಾಗ ಅರ್ಹತೆಯಿಲ್ಲದ ಪಿಂಚಣಿ ವಂತಿಗೆಯೆಂದು ಅರ್ಜಿ ಹಿಂತಿರುಗುತ್ತದೆ. ಸರಿಪಡಿಸಲು ಹಳೆಯ ಮಾಲೀಕರ ಪತ್ರವೇ ಬೇಕಾಗುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: 58 ವರ್ಷ ತುಂಬಿದವರಿಗೆ ಪಿಂಚಣಿ ವಂತಿಗೆ ನಿಲ್ಲಬೇಕಾದಲ್ಲಿ ಮುಂದುವರಿಯುವುದು, ಅಥವಾ ಪಿಂಚಣಿ ಸದಸ್ಯರಾಗಿಯೇ ಸಂಸ್ಥೆ ಬದಲಿಸಿದವರನ್ನು ಹೊಸ ಸಂಸ್ಥೆಯು ಸದಸ್ಯರಲ್ಲವೆಂದು ಬಗೆಯುವುದು.

ಮೂರನೆಯದು ಬಿಟ್ಟುಹೋದ ತಿಂಗಳುಗಳು. ಭವಿಷ್ಯ ನಿಧಿಯಲ್ಲಿ ಬಿಟ್ಟುಹೋದ ತಿಂಗಳ ನಷ್ಟವೆಂದರೆ ಆ ತಿಂಗಳ ಹಣ ಮತ್ತು ಬಡ್ಡಿ. ಪಿಂಚಣಿಯಲ್ಲಿ ಲೆಕ್ಕವೇ ಬೇರೆ. ಪಿಂಚಣಿಯು ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದ ಮೊತ್ತ. ಹತ್ತು ವರ್ಷಗಳ ಸೇವೆಯಿಲ್ಲದೆ ಮಾಸಿಕ ಪಿಂಚಣಿ ಇಲ್ಲ. 15,000 ರೂ. ವೇತನದ ಮೇಲೆ ಹನ್ನೆರಡು ವರ್ಷ ದುಡಿದವರಿಗೆ 2,571 ರೂ. ಬರುತ್ತದೆ. ಎರಡು ವರ್ಷಗಳ ಪಟ್ಟಿಯನ್ನು ಮಾಲೀಕರು ಸಲ್ಲಿಸದಿದ್ದರೆ ಅದು 2,143 ರೂ. ಆಗುತ್ತದೆ. ಬಿಟ್ಟುಹೋದದ್ದು ಮೂರು ವರ್ಷವಾದರೆ ದಾಖಲೆಯಲ್ಲಿ ಉಳಿಯುವುದು ಒಂಬತ್ತೇ ವರ್ಷ. ಜೀವನಪರ್ಯಂತದ ಪಿಂಚಣಿಯ ಅರ್ಹತೆಯೇ ತಪ್ಪುತ್ತದೆ, ತಮ್ಮ ನಂತರ ಕುಟುಂಬಕ್ಕೆ ಸಲ್ಲಬೇಕಾದುದೂ ಕುಗ್ಗುತ್ತದೆ. ವೇತನವಿಲ್ಲದ ದಿನಗಳ ಅಂಕಣವನ್ನು ಹಾಜರಿ ವಹಿಯೊಂದಿಗೆ ತಾಳೆ ನೋಡದೆ ತುಂಬಿದಾಗಲೂ ಇದೇ ಪರಿಣಾಮ ಸಣ್ಣ ಪ್ರಮಾಣದಲ್ಲಿ ಆಗುತ್ತದೆ.

ಹಳೆಯ ದಾಖಲೆಗಳು ಮಾಲೀಕರ ಬಳಿಯಲ್ಲೇ ಇರುವುದರ ಪರಿಣಾಮವನ್ನು ಅಧಿಕ ಪಿಂಚಣಿಯ ಪ್ರಕರಣವು ಎಲ್ಲರಿಗೂ ತೋರಿಸಿತು. 2022ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಂತೆ, ಮಿತಿಗಿಂತ ಹೆಚ್ಚಿನ ವೇತನದ ಮೇಲೆ ಪಿಂಚಣಿ ಕೋರಲು ಅವಕಾಶ ದೊರೆತು, 2023ರ ಜುಲೈ 11ರ ವೇಳೆಗೆ 17.49 ಲಕ್ಷ ಅರ್ಜಿಗಳು ಬಂದವು. ಪ್ರತಿ ಅರ್ಜಿಗೂ ಹಿಂದಿನ ವರ್ಷಗಳ ವೇತನ ವಿವರವನ್ನು ಮಾಲೀಕರು ದೃಢೀಕರಿಸಬೇಕಿತ್ತು. ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿದ ನಂತರವೂ 2024ರ ಡಿಸೆಂಬರ್‌ನಲ್ಲಿ 3.1 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಮಾಲೀಕರ ಹಂತದಲ್ಲೇ ಬಾಕಿ ಇದ್ದವು. 2025ರ ಜನವರಿ 31ನ್ನು ಅವರಿಗೆ ಕೊನೆಯ ದಿನವಾಗಿ ನಿಗದಿಪಡಿಸಲಾಯಿತು. ನ್ಯಾಯಾಲಯದಲ್ಲಿ ದೊರೆತ ಹಕ್ಕು ಹಳೆಯ ವೇತನ ವಹಿ ಇರುವ ಕಪಾಟಿನ ಮುಂದೆ ಕಾಯುತ್ತ ನಿಂತಿತು.

ಕಡಿತ ಮಾಡಿ ಕಟ್ಟದಿರುವ ಪ್ರಕರಣಗಳು

ಮೇಲಿನವು ಅಜಾಗರೂಕತೆಯ ತಪ್ಪುಗಳು. ವೇತನದಿಂದ ಕಡಿತ ಮಾಡಿಯೂ ನಿಧಿಗೆ ಕಟ್ಟದಿರುವುದು ಬೇರೆಯೇ ದರ್ಜೆಯ ವಿಷಯ. ವೇತನ ಚೀಟಿಯಲ್ಲಿ ಪಿ.ಎಫ್. ಕಡಿತವೆಂದು ಮುದ್ರಿತವಾಗಿರುತ್ತದೆ, ಪಾಸ್‌ಬುಕ್‌ನಲ್ಲಿ ಆ ತಿಂಗಳು ಖಾಲಿ ಇರುತ್ತದೆ. ವ್ಯವಹಾರದಲ್ಲಿ ನಗದು ಅಭಾವವಾದಾಗ ಸರಕು ಪೂರೈಸುವವರು ಬಾಗಿಲಿಗೆ ಬರುತ್ತಾರೆ, ಬ್ಯಾಂಕು ನೋಟಿಸು ಕಳುಹಿಸುತ್ತದೆ, ವಿದ್ಯುತ್ ಸಂಪರ್ಕ ಕಡಿತಗೊಳ್ಳುತ್ತದೆ. ಭವಿಷ್ಯ ನಿಧಿಯ ಹಣವನ್ನು ಮಾತ್ರ ಆ ತಿಂಗಳು ಕೇಳುವವರಿಲ್ಲ. ಆದುದರಿಂದ ಅದನ್ನು ಕೈಸಾಲದಂತೆ ಬಳಸಿಕೊಳ್ಳುವ ಪ್ರವೃತ್ತಿ ಬೆಳೆಯುತ್ತದೆ. ಸಾಲ ಕೊಟ್ಟವರು ನೌಕರರೇ ಆಗಿರುತ್ತಾರೆ, ಅವರಿಗೆ ಅದು ತಿಳಿದಿರುವುದಿಲ್ಲ.

ಕಾನೂನಿನ ದೃಷ್ಟಿಯಲ್ಲಿ ಇದು ಸಾಲವಲ್ಲ. ಕಡಿತ ಮಾಡಿದ ವಂತಿಗೆಯು ಮಾಲೀಕರ ಕೈಯಲ್ಲಿ ನಂಬಿಕೆಯಿಂದ ಒಪ್ಪಿಸಿದ ಸ್ವತ್ತು. ಅದನ್ನು ಕಟ್ಟದಿರುವುದು ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿಯೂ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅಪರಾಧಿಕ ನಂಬಿಕೆ ದ್ರೋಹವೆಂದು ಪರಿಗಣಿತವಾಗಿದೆ. ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ಇದಕ್ಕೆ ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು 1 ಲಕ್ಷ ರೂ. ದಂಡವಿದೆ.

ವಿಳಂಬ ಪಾವತಿಗೆ ವಾರ್ಷಿಕ ಶೇ. 12ರ ಬಡ್ಡಿಯಲ್ಲದೆ ನಷ್ಟಭರ್ತಿಯನ್ನೂ ವಿಧಿಸಲಾಗುತ್ತದೆ. ಈ ನಷ್ಟಭರ್ತಿಯ ದರವನ್ನು 2024ರ ಜೂನ್‌ನಲ್ಲಿ ಬದಲಾಯಿಸಲಾಯಿತು. ಹಿಂದೆ ಎರಡು ತಿಂಗಳೊಳಗಿನ ವಿಳಂಬಕ್ಕೆ ವಾರ್ಷಿಕ ಶೇ. 5ರಿಂದ ಆರಂಭವಾಗಿ, ಆರು ತಿಂಗಳು ಮೀರಿದಾಗ ಶೇ. 25ಕ್ಕೆ ಏರುತ್ತಿತ್ತು. ಬದಲಾವಣೆಯ ನಂತರ ಎಲ್ಲ ಅವಧಿಗೂ ತಿಂಗಳಿಗೆ ಶೇ. 1 ಎಂದಾಯಿತು. ಲೆಕ್ಕ ಸರಳವಾಯಿತೆಂಬುದು ನಿಜ. ಆದರೆ ಒಂದು ತಿಂಗಳು ತಡಮಾಡಿದ ಮಾಲೀಕರಿಗೆ ಹೊರೆ ಹೆಚ್ಚಾಗಿ, ವರ್ಷಗಟ್ಟಲೆ ಬಾಕಿ ಉಳಿಸಿಕೊಂಡವರಿಗೆ ಬಡ್ಡಿಯೂ ಸೇರಿ ವಾರ್ಷಿಕ ಶೇ. 37 ಇದ್ದುದು ಶೇ. 24ಕ್ಕೆ ಇಳಿಯಿತು. ದೀರ್ಘಕಾಲದ ಬಾಕಿದಾರರಿಗೆ ಇಷ್ಟು ಇಳಿಕೆ ಏಕೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ವಸೂಲಿಯ ವ್ಯಾಜ್ಯಗಳು ಕಡಿಮೆಯಾಗಬಹುದೆಂಬ ನಿರೀಕ್ಷೆಯೊಂದೇ ಇದಕ್ಕೆ ಸಮಾಧಾನ.

ಸಂಹಿತೆಯು ತಂದ ಮತ್ತೊಂದು ಬದಲಾವಣೆಯನ್ನು ನೌಕರರು ವಿಶೇಷವಾಗಿ ಗಮನದಲ್ಲಿಡಬೇಕು. ಹಳೆಯ ಕಾಯ್ದೆಯಲ್ಲಿ ಬಾಕಿ ನಿರ್ಧರಿಸುವ ವಿಚಾರಣೆ ಆರಂಭಿಸಲು ಕಾಲಮಿತಿ ಇರಲಿಲ್ಲ. ಹತ್ತು ಹದಿನೈದು ವರ್ಷಗಳ ಹಿಂದಿನ ಬಾಕಿಗೂ ನೋಟಿಸು ನೀಡಬಹುದಿತ್ತು. ಸಂಹಿತೆಯ ಪ್ರಕಾರ ಬಾಕಿ ಉದ್ಭವಿಸಿದ ದಿನದಿಂದ ಐದು ವರ್ಷಗಳು ಕಳೆದ ಮೇಲೆ ವಿಚಾರಣೆ ಆರಂಭಿಸುವಂತಿಲ್ಲ. ಆರಂಭವಾದ ವಿಚಾರಣೆಯನ್ನು ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ಮುಗಿಸಬೇಕು. ಹಳೆಯ ದಾಖಲೆಗಳನ್ನು ಅನಂತಕಾಲ ಕಾಪಿಡಬೇಕಿದ್ದ ಮಾಲೀಕರಿಗೆ ಇದರಿಂದ ನೆಮ್ಮದಿ ದೊರೆತಿದೆ. ನೌಕರರ ಮಟ್ಟಿಗೆ ಇದರ ಅರ್ಥ, ನಿವೃತ್ತಿಯ ವೇಳೆ ನೋಡಿಕೊಳ್ಳೋಣವೆಂದು ಸುಮ್ಮನಿರುವ ಕಾಲ ಮುಗಿಯಿತು ಎಂಬುದಾಗಿದೆ. ಇಂದಿನ ಖಾಲಿ ತಿಂಗಳಿನ ಬಗ್ಗೆ ಆರನೆಯ ವರ್ಷದಲ್ಲಿ ದೂರು ನೀಡಿದರೆ ವಿಚಾರಣೆಗೆ ದಾರಿ ಮುಚ್ಚಿರುವ ಸಂಭವವಿದೆ.

ಸಂಸ್ಥೆಯೇ ದಿವಾಳಿಯಾದ ಸಂದರ್ಭದಲ್ಲಿ, 2016ರ ದಿವಾಳಿತನ ಸಂಹಿತೆಯಂತೆ ಭವಿಷ್ಯ ನಿಧಿ, ಪಿಂಚಣಿ ನಿಧಿ ಮತ್ತು ಉಪಧನ ನಿಧಿಯಿಂದ ನೌಕರರಿಗೆ ಸಲ್ಲಬೇಕಾದ ಮೊತ್ತಗಳು ಸಾಲಗಾರರಿಗೆ ಹಂಚುವ ಆಸ್ತಿಯಲ್ಲಿ ಸೇರುವುದಿಲ್ಲ.

ಬಾಕಿದಾರ ಸಂಸ್ಥೆಗಳು ತಾವಾಗಿ ಮುಂದೆ ಬರಲೆಂದು ಆಗಾಗ ರಿಯಾಯಿತಿ ಅಭಿಯಾನಗಳೂ ನಡೆದಿವೆ. 2017ರಲ್ಲಿ ಒಂದು ನೋಂದಣಿ ಅಭಿಯಾನ ನಡೆಯಿತು. 2025ರ ನವೆಂಬರ್ 1ರಿಂದ 2026ರ ಏಪ್ರಿಲ್ 30ರವರೆಗಿನ ಅವಧಿಗೆ ಮತ್ತೊಂದನ್ನು ಘೋಷಿಸಲಾಯಿತು. 2017ರ ಜುಲೈ 1ರಿಂದ 2025ರ ಅಕ್ಟೋಬರ್ 31ರ ನಡುವೆ ಕೆಲಸಕ್ಕೆ ಸೇರಿ ನಿಧಿಯಿಂದ ಹೊರಗುಳಿದವರನ್ನು ನೋಂದಾಯಿಸಿದಲ್ಲಿ, ಕಡಿತ ಮಾಡಿರದ ನೌಕರರ ಪಾಲನ್ನು ಮನ್ನಾ ಮಾಡಿ, 100 ರೂ.ಗಳ ನಾಮಮಾತ್ರ ದಂಡವನ್ನು ನಿಗದಿಪಡಿಸಲಾಯಿತು. ಕಡಿತ ಮಾಡಿಯೂ ಕಟ್ಟದ ಹಣಕ್ಕೆ ಈ ಮನ್ನಾ ಅನ್ವಯಿಸುವುದಿಲ್ಲವೆಂಬುದನ್ನು ಗಮನಿಸಬೇಕು. ನಿಯತವಾಗಿ ಕಟ್ಟುವ ಮಾಲೀಕರ ದೃಷ್ಟಿಯಲ್ಲಿ ಪದೇ ಪದೇ ನೀಡುವ ಇಂಥ ರಿಯಾಯಿತಿ ನ್ಯಾಯವೆನಿಸದಿರಬಹುದು. ಹೊರಗುಳಿದ ನೌಕರರಿಗೆ ಮಾತ್ರ ಅದರಿಂದ ಹಿಂದಿನ ಸೇವೆ ದಾಖಲಾಗುತ್ತದೆ.

ವೇತನವೆಂದರೆ ಯಾವುದು

ಶೇ. 12ನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಬೇಕೆಂಬುದು ದೀರ್ಘಕಾಲದ ವಿವಾದ. ಮೂಲ ವೇತನವನ್ನು ಸಣ್ಣದಾಗಿರಿಸಿ ಉಳಿದುದನ್ನು ಬಗೆಬಗೆಯ ಭತ್ಯೆಗಳ ಹೆಸರಿನಲ್ಲಿ ಕೊಟ್ಟರೆ ವಂತಿಗೆಯೂ ಸಣ್ಣದಾಗುತ್ತದೆ. 2019ರ ಫೆಬ್ರವರಿ 28ರಂದು ವಿವೇಕಾನಂದ ವಿದ್ಯಾಮಂದಿರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಎಲ್ಲ ನೌಕರರಿಗೂ ಸಮಾನವಾಗಿ ನೀಡುವ ವಿಶೇಷ ಭತ್ಯೆಯು ಮೂಲ ವೇತನದ ಭಾಗವೇ ಎಂದು ತೀರ್ಪಿತ್ತಿತು. ಸಂಹಿತೆಯು ಇದನ್ನು ಇನ್ನಷ್ಟು ಬಿಗಿಗೊಳಿಸಿದೆ. ವ್ಯಾಖ್ಯೆಯಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಪ್ರತಿಫಲದ ಅರ್ಧವನ್ನು ಮೀರಿದಲ್ಲಿ ಮೀರಿದ ಭಾಗವನ್ನು ವೇತನಕ್ಕೆ ಸೇರಿಸಬೇಕು. ಒಟ್ಟು 30,000 ರೂ.ಗಳಲ್ಲಿ ಮೂಲ ವೇತನ 9,000, ಮನೆ ಬಾಡಿಗೆ, ಪ್ರಯಾಣ ಇತ್ಯಾದಿ ಭತ್ಯೆಗಳು 21,000 ಇದ್ದರೆ, ಅರ್ಧವನ್ನು ಮೀರಿದ 6,000 ಸೇರಿ ವೇತನವು 15,000 ರೂ. ಆಗುತ್ತದೆ. ನೌಕರರ ವಂತಿಗೆ 1,080ರಿಂದ 1,800 ರೂ.ಗೆ ಏರುತ್ತದೆ. ಕೈಗೆ ಸಿಗುವ ಮೊತ್ತದಲ್ಲಿ 720 ರೂ. ಕಡಿಮೆಯಾದರೂ ಮಾಲೀಕರೂ ಅಷ್ಟೇ ಹೆಚ್ಚುವರಿ ಹಣ ಕಟ್ಟುತ್ತಾರೆ. ಈಗಾಗಲೇ 15,000 ರೂ.ಗಳ ಮಿತಿಯ ಮೇಲೆ ವಂತಿಗೆ ಕಟ್ಟುತ್ತಿರುವವರಿಗೆ ಇದರಿಂದ ಕೈಗೆ ಬರುವ ವೇತನ ಕಡಿಮೆಯಾಗದೆಂದು ಕೇಂದ್ರ ಕಾರ್ಮಿಕ ಸಚಿವಾಲಯವು 2025ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು.

ಹಿಂಪಡೆಯುವ ನಿಯಮಗಳು ಮತ್ತು 2016ರ ಅನುಭವ

ಬೆಂಗಳೂರಿನ ಹೊಸೂರು ರಸ್ತೆ ಹಾಗೂ ತುಮಕೂರು ರಸ್ತೆಗಳಲ್ಲಿ 2016ರ ಏಪ್ರಿಲ್ 18 ಮತ್ತು 19ರಂದು ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಕಾರ್ಮಿಕರು, ಬಹುತೇಕ ಮಹಿಳೆಯರು, ರಸ್ತೆಗಿಳಿದುದನ್ನು ಇಲ್ಲಿ ಸ್ಮರಿಸುವುದು ಅಗತ್ಯ. ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲವೆಂದು ಅದೇ ವರ್ಷದ ಫೆಬ್ರವರಿ 10ರಂದು ಹೊರಡಿಸಿದ್ದ ಅಧಿಸೂಚನೆಯು ಅದಕ್ಕೆ ಕಾರಣವಾಗಿತ್ತು. ಎರಡನೆಯ ದಿನವೇ ಕೇಂದ್ರ ಸರ್ಕಾರವು ಅಧಿಸೂಚನೆಯನ್ನು ಹಿಂಪಡೆಯಿತು. ಕಾರ್ಖಾನೆ ಬದಲಿಸುವಾಗ, ಮಕ್ಕಳ ಶುಲ್ಕ ಕಟ್ಟುವಾಗ, ಕಾಯಿಲೆ ಬಿದ್ದಾಗ ನೆರವಾಗುವ ಏಕೈಕ ಉಳಿತಾಯವನ್ನು ನಿವೃತ್ತಿಯ ಹಣವೆಂದು ಕಾಗದದಲ್ಲಿ ಕರೆದರೂ ಅವರ ಬದುಕಿನಲ್ಲಿ ಅದರ ಸ್ಥಾನ ಬೇರೆಯೆಂಬುದನ್ನು ಆ ಎರಡು ದಿನಗಳು ತಿಳಿಸಿದವು.

2025ರ ಅಕ್ಟೋಬರ್ 13ರಂದು ಕೇಂದ್ರೀಯ ಟ್ರಸ್ಟಿ ಮಂಡಳಿಯು ಮತ್ತೆ ಈ ವಿಷಯವನ್ನು ಕೈಗೆತ್ತಿಕೊಂಡು, ಭಾಗಶಃ ಹಿಂಪಡೆಯುವ 13 ಬಗೆಯ ಅವಕಾಶಗಳನ್ನು ಅಗತ್ಯ ವೆಚ್ಚ, ವಸತಿ ಮತ್ತು ವಿಶೇಷ ಸಂದರ್ಭ ಎಂಬ ಮೂರಕ್ಕೆ ಇಳಿಸಲು, ಕನಿಷ್ಠ ಸೇವಾವಧಿಯನ್ನು 12 ತಿಂಗಳಿಗೆ ನಿಗದಿಪಡಿಸಲು ಹಾಗೂ ವಂತಿಗೆಯ ಶೇ. 25ನ್ನು ಖಾತೆಯಲ್ಲಿ ಉಳಿಸಲು ತೀರ್ಮಾನಿಸಿತು. ಅದೇ ಸಭೆಯಲ್ಲಿ, ಕೆಲಸ ಬಿಟ್ಟವರ ಪೂರ್ಣ ಇತ್ಯರ್ಥದ ಕಾಯುವಿಕೆಯನ್ನು ಎರಡು ತಿಂಗಳಿಂದ 12 ತಿಂಗಳಿಗೆ, ಪಿಂಚಣಿ ಮೊತ್ತದ ಹಿಂಪಡೆಯುವಿಕೆಯನ್ನು 36 ತಿಂಗಳಿಗೆ ಏರಿಸಲು ನಿರ್ಧರಿಸಲಾಯಿತು. ಪದೇ ಪದೇ ಹಣ ತೆಗೆದು ಹತ್ತು ವರ್ಷಗಳ ಪಿಂಚಣಿ ಅರ್ಹತೆಯನ್ನು ಕಳೆದುಕೊಳ್ಳುವುದನ್ನು ತಡೆಯುವುದು ಇದರ ಉದ್ದೇಶವೆಂದು ಹೇಳಲಾಗಿದೆ. ಉದ್ದೇಶ ಸರಿಯಾದುದೇ. ಆದರೆ ಹಣವನ್ನು ಹೆಚ್ಚು ಕಾಲ ಒಳಗಿಡಬೇಕೆಂದು ನೌಕರರಿಗೆ ಹೇಳುವಾಗ, ಪ್ರತಿ ತಿಂಗಳು ಅದು ಒಳಗೆ ಬಂದಿದೆಯೇ ಎಂಬುದರ ಖಾತರಿಯೂ ಅದೇ ಪ್ರಮಾಣದಲ್ಲಿ ಬಲಗೊಳ್ಳಬೇಕಾಗುತ್ತದೆ.

ಹೊರಗುತ್ತಿಗೆ ನೌಕರರು, ಸ್ವಂತ ಟ್ರಸ್ಟ್‌ಗಳು ಹಾಗೂ ಉಪಧನ

ಕಚೇರಿ, ಆಸ್ಪತ್ರೆ ಹಾಗೂ ಕಾರ್ಖಾನೆಗಳಲ್ಲಿ ಭದ್ರತೆ, ಸ್ವಚ್ಛತೆ, ದತ್ತಾಂಶ ನಮೂದು ಮುಂತಾದ ಕೆಲಸ ಮಾಡುವ ಹೊರಗುತ್ತಿಗೆ ನೌಕರರ ವಂತಿಗೆಯನ್ನು ಗುತ್ತಿಗೆದಾರರು ಕಟ್ಟಬೇಕು. ಅವರು ಕಟ್ಟದಿದ್ದಲ್ಲಿ ಹೊಣೆಯು ಕೆಲಸ ಮಾಡಿಸಿಕೊಂಡ ಪ್ರಧಾನ ಮಾಲೀಕರ ಮೇಲೆ ಬೀಳುತ್ತದೆ. ಗುತ್ತಿಗೆದಾರರ ಬಿಲ್ಲು ಪಾಸು ಮಾಡುವ ಮುನ್ನ ಆ ತಿಂಗಳ ಚಲನ್ ಮತ್ತು ನೌಕರವಾರು ಪಟ್ಟಿಯನ್ನು ಪಡೆದು ತಾಳೆ ನೋಡುವುದು ಈ ಕಾರಣಕ್ಕಾಗಿಯೇ. ಚಲನ್ ಒಂದನ್ನೇ ನೋಡಿದರೆ ಸಾಲದು. ಅದರಲ್ಲಿ ಬೇರೆಡೆಯ ನೌಕರರ ಹೆಸರುಗಳಿರಬಹುದು.

ವಿನಾಯಿತಿ ಪಡೆದ ಕೆಲವು ದೊಡ್ಡ ಸಂಸ್ಥೆಗಳು ಸ್ವಂತ ಟ್ರಸ್ಟ್ ಮೂಲಕ ನಿಧಿಯನ್ನು ನಿರ್ವಹಿಸುತ್ತವೆ. ಇವು ಕೇಂದ್ರ ನಿಧಿ ಘೋಷಿಸಿದ ಬಡ್ಡಿಗಿಂತ ಕಡಿಮೆ ಕೊಡುವಂತಿಲ್ಲ. ಕೊರತೆ ಬಿದ್ದರೆ ಮಾಲೀಕರೇ ತುಂಬಿಕೊಡಬೇಕು. ಕೇಂದ್ರ ನಿಧಿಯ ಬಡ್ಡಿ 2023-24 ಮತ್ತು 2024-25ಕ್ಕೆ ಶೇ. 8.25 ಇತ್ತು. ಇಂಥ ಸಂಸ್ಥೆಗಳ ನೌಕರರ ನಿಧಿಯ ಜಮೆಗಳು ಸಂಘಟನೆಯ ಪಾಸ್‌ಬುಕ್‌ನಲ್ಲಿ ಕಾಣಿಸುವುದಿಲ್ಲವಾದ್ದರಿಂದ ಸಂಸ್ಥೆಯ ಟ್ರಸ್ಟ್‌ನಿಂದಲೇ ಲೆಕ್ಕ ಪಡೆಯಬೇಕು.

ಗ್ರ್ಯಾಚುಟಿ ಎಂದೇ ಪರಿಚಿತವಾದ ಉಪಧನಕ್ಕೆ ನೌಕರರ ವಂತಿಗೆಯಿಲ್ಲ, ಪ್ರತ್ಯೇಕ ಖಾತೆಯೂ ಇಲ್ಲ. ಐದು ವರ್ಷಗಳ ಸೇವೆಯ ನಂತರ ವರ್ಷಕ್ಕೆ 15 ದಿನಗಳ ವೇತನದಂತೆ ಮಾಲೀಕರು ಕೊಡಬೇಕಾದ ಈ ಮೊತ್ತವು, ಸಂಸ್ಥೆ ಮುಚ್ಚಿದಾಗ ಎಲ್ಲಿಂದ ಬರಬೇಕೆಂಬುದೇ ಪ್ರಶ್ನೆಯಾಗುತ್ತಿತ್ತು. ಈ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರವು 2024ರ ಜನವರಿ 10ರಂದು ಕಡ್ಡಾಯ ಉಪಧನ ವಿಮಾ ನಿಯಮಗಳನ್ನು ಅಧಿಸೂಚಿಸಿ, ಮಾಲೀಕರು ತಮ್ಮ ಉಪಧನ ಹೊಣೆಗೆ ವಿಮೆ ಮಾಡಿಸುವುದನ್ನು ಕಡ್ಡಾಯಗೊಳಿಸಿತು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಕಡ್ಡಾಯ ವಿಮೆಯ ಉಪಬಂಧವಿದೆ. ನಿಗದಿತ ಅವಧಿಯ ಕರಾರಿನ ಮೇಲೆ ನೇಮಕಗೊಂಡವರಿಗೆ ಐದು ವರ್ಷಗಳ ಷರತ್ತಿಲ್ಲದೆ ಅವಧಿಗನುಗುಣವಾಗಿ ಉಪಧನ ಸಲ್ಲುವುದು ಸಂಹಿತೆಯ ಹೊಸ ಅಂಶ.

ಪರಿಶೀಲನೆ ಮತ್ತು ದೂರು

ಭವಿಷ್ಯ ನಿಧಿಯು ಕೇಂದ್ರ ಸರ್ಕಾರದ ಅಧೀನದ ಸಂಘಟನೆಯಿಂದ ನಿರ್ವಹಿಸಲ್ಪಡುತ್ತದೆ. ರಾಜ್ಯದ ಕಾರ್ಮಿಕ ಕಚೇರಿಗೆ ಅರ್ಜಿ ಸಲ್ಲಿಸಿ ಕಾಯುವುದರಿಂದ ಕಾಲಹರಣವಾಗುತ್ತದೆ. ಖಾಸಗಿ ಸಂಸ್ಥೆಗಳ ಉಪಧನದ ತಕರಾರುಗಳು ಸಾಮಾನ್ಯವಾಗಿ ರಾಜ್ಯದ ಕಾರ್ಮಿಕ ಅಧಿಕಾರಿಗಳ ವ್ಯಾಪ್ತಿಗೆ ಬರುತ್ತವೆ. ಈ ವ್ಯತ್ಯಾಸವನ್ನು ತಿಳಿದು ಅರ್ಜಿ ಸಲ್ಲಿಸುವುದು ಸೂಕ್ತ.

ಪ್ರತಿ ತಿಂಗಳ 15ರ ಬಳಿಕ ಒಂದು ವಾರ ಬಿಟ್ಟು ಪಾಸ್‌ಬುಕ್‌ ನೋಡಿ, ವೇತನ ಚೀಟಿಯ ಕಡಿತದೊಂದಿಗೆ ತಾಳೆ ನೋಡಬಹುದು. ನೋಂದಾಯಿತ ಮೊಬೈಲ್‌ನಿಂದ 99660 44425 ಸಂಖ್ಯೆಗೆ ಮಿಸ್ಡ್ ಕಾಲ್ ನೀಡಿದರೂ ಕೊನೆಯ ವಂತಿಗೆಯ ವಿವರ ದೊರೆಯುತ್ತದೆ. ವೇತನ ಚೀಟಿ, ಬ್ಯಾಂಕ್ ವೇತನ ಜಮೆಯ ದಾಖಲೆ, ನೇಮಕಾತಿ ಪತ್ರ ಮತ್ತು ಗುರುತಿನ ಚೀಟಿಗಳನ್ನು ಕೆಲಸ ಬಿಟ್ಟ ಮೇಲೂ ಕಾಪಾಡಿಕೊಳ್ಳಬೇಕು. ಬಾಕಿಯ ವಿಚಾರಣೆಯಲ್ಲಿ ನೌಕರರ ಪರ ನಿಲ್ಲುವ ಸಾಕ್ಷ್ಯಗಳು ಇವೇ. ಎರಡು ತಿಂಗಳು ಸತತವಾಗಿ ಜಮೆ ಕಾಣದಿದ್ದಲ್ಲಿ ಮೊದಲು ಸಂಸ್ಥೆಯ ವೇತನ ವಿಭಾಗಕ್ಕೆ ಲಿಖಿತವಾಗಿ ತಿಳಿಸಿ, ಉತ್ತರ ಬಾರದಿದ್ದರೆ ಸಂಘಟನೆಯ ಅಂತರ್ಜಾಲ ಕುಂದುಕೊರತೆ ವ್ಯವಸ್ಥೆಯಲ್ಲಿ, ಸಂಸ್ಥೆಯ ಸಂಕೇತ ಸಂಖ್ಯೆ ಹಾಗೂ ಖಾಲಿ ಇರುವ ತಿಂಗಳುಗಳನ್ನು ನಿಖರವಾಗಿ ನಮೂದಿಸಿ ದೂರು ದಾಖಲಿಸಬೇಕು. ಹಣ ಬಂದಿಲ್ಲವೆಂದಷ್ಟೇ ಬರೆದ ದೂರಿಗಿಂತ ತಿಂಗಳುಗಳ ಪಟ್ಟಿಯುಳ್ಳ ದೂರನ್ನು ಪರಿಶೀಲಿಸುವುದು ಸುಲಭ.

2023ರ ಜನವರಿಯಿಂದ ಪ್ರತಿ ಜಿಲ್ಲೆಯಲ್ಲಿಯೂ ತಿಂಗಳ 27ರಂದು, ಅಂದು ರಜೆಯಿದ್ದಲ್ಲಿ ಮುಂದಿನ ಕೆಲಸದ ದಿನದಂದು, ನಿಧಿ ಆಪ್ಕೆ ನಿಕಟ್ ಎಂಬ ಹೆಸರಿನಲ್ಲಿ ಸಂಪರ್ಕ ಶಿಬಿರ ನಡೆಯುವ ವ್ಯವಸ್ಥೆ ಮಾಡಲಾಗಿದೆ. ಪ್ರಾದೇಶಿಕ ಕಚೇರಿಯಿಲ್ಲದ ಜಿಲ್ಲೆಗಳ ಅರ್ಜಿದಾರರು ಮೇಲೆ ಹೇಳಿದ ದಾಖಲೆಗಳೊಂದಿಗೆ ಅಲ್ಲಿಯೇ ಹಾಜರಾಗಬಹುದು.